ಎದೆಯ ಮೇಲಿನ ಚಿತ್ರ: ವಿಜಾಪುರ ಸೀಮೆಯ ಓದುಗನಿಗೆ ಕಥೆ, ಕಾದಂಬರಿ, ಚಿತ್ರಕಾದಂಬರಿ

ಚಿತ್ರವಿರುವ ಪುಸ್ತಕ ಮಕ್ಕಳಿಗೆ, ಅಕ್ಷರವಷ್ಟೇ ಇರುವ ಪುಸ್ತಕ ದೊಡ್ಡವರಿಗೆ ಎಂಬ ಪಂಕ್ತಿಭೇದವನ್ನು ನಮ್ಮಲ್ಲಿ ಯಾರು ಯಾವಾಗ ಏರ್ಪಡಿಸಿದರೋ ತಿಳಿಯದು. ಆದರೆ ಒಂದನೆಯ ಇಯತ್ತೆಯ ಪಠ್ಯದಲ್ಲಿ ಪುಟದ ಮುಕ್ಕಾಲು ಪಾಲನ್ನು ಆಕ್ರಮಿಸಿಕೊಂಡಿದ್ದ ಚಿತ್ರವು ಇಯತ್ತೆಯಿಂದ ಇಯತ್ತೆಗೆ ಕುಗ್ಗುತ್ತ ಕುಗ್ಗುತ್ತ ಕಾಲೇಜಿನ ಹೊಸ್ತಿಲಲ್ಲಿ ಸಂಪೂರ್ಣವಾಗಿ ಅದೃಶ್ಯವಾಗುವ ಈ ಕ್ರಮವನ್ನು ನಾವು ವಿದ್ಯಾಭಿವೃದ್ಧಿಯ ಲಕ್ಷಣವೆಂದೇ ಎಣಿಸುತ್ತ ಬಂದಿದ್ದೇವೆ. ಆದ್ದರಿಂದ ಪ್ರೌಢ ವಯಸ್ಸಿನವನೊಬ್ಬನು ಚಿತ್ರಗಳಲ್ಲಿ ಹೇಳಿದ ಕಾದಂಬರಿಯನ್ನು ಕೈಯಲ್ಲಿ ಹಿಡಿದು ಕುಳಿತರೆ ಅವನನ್ನು ಕಂಡು ಮುಗುಳ್ನಗುವವರೇ ಹೆಚ್ಚು. ಇಂಗ್ಲಿಷ್ ಬಲ್ಲವರಾದರೆ ಅದು ಅಮೇರಿಕದಿಂದ ಬಂದ ಇತ್ತೀಚಿನ ಖಯಾಲಿ ಎನ್ನುತ್ತಾರೆ. ಬಾರದವರು ಮಕ್ಕಳಾಟಿಕೆ ಎಂದು ಸುಮ್ಮನಾಗುತ್ತಾರೆ. ಈ ಎರಡೂ ಅಭಿಪ್ರಾಯಗಳು ಬೇರೆಲ್ಲಿ ಸಲ್ಲುವುವೋ ಏನೋ, ವಿಜಾಪುರದ ಸೀಮೆಯಲ್ಲಿ ಮಾತ್ರ ಸಲ್ಲಲಾರವು. ಏಕೆಂದರೆ ಡೋಣಿಯ ದಂಡೆಯ ಸಾರವಾಡದಲ್ಲಿ ಬಸ್ಸು ಹಿಡಿದರೆ ಗಂಟೆಯೊಳಗೆ ಮುಟ್ಟಬಹುದಾದ ಆ ನಗರದಲ್ಲಿಯೇ, ಇಂದಿಗೆ ನಾಲ್ಕು ಶತಮಾನಗಳಿಗೂ ಹಿಂದೆ, ಚಿತ್ರ ಮತ್ತು ಅಕ್ಷರಗಳು ಒಂದನ್ನೊಂದು ಅವಲಂಬಿಸಿ ಕಥೆ ಹೇಳುವ ವಿದ್ಯೆಯು ಅತ್ಯಂತ ಪ್ರೌಢವಾದ ಸ್ಥಿತಿಯನ್ನು ಮುಟ್ಟಿತ್ತು.

ನಾನು ಹೇಳುತ್ತಿರುವುದು ‘ಪೇಮ್ ನೇಮ್’ ಎಂಬ ಕೃತಿಯನ್ನು ಕುರಿತು. 1580ರಿಂದ 1627ರ ವರೆಗೆ ಆಳಿದ ಎರಡನೆಯ ಇಬ್ರಾಹಿಮ್ ಆದಿಲಶಾಹನ ಕಾಲದಲ್ಲಿ, ಹಸನ್ ಮಂಜು ಖಲ್ಜಿ ಎಂಬ ಕವಿಯು ದಖನಿ ಭಾಷೆಯಲ್ಲಿ ರಚಿಸಿದ ಸೂಫಿ ಪ್ರೇಮಕಾವ್ಯವಿದು. ಇದರ ಸಚಿತ್ರ ಹಸ್ತಪ್ರತಿಯೊಂದು ಮೂವತ್ತನಾಲ್ಕು ಚಿತ್ರಗಳ ಸಹಿತವಾಗಿ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಕಥೆಯ ನಾಯಕ ಶಾಹಜೀ, ನಾಯಕಿ ಮಾಹಜೀ. ಕಾಣದ ಚೆಲುವೆಯಲ್ಲಿ ಅನುರಕ್ತನಾದ ರಾಜಕುಮಾರನ ಹೃದಯದಲ್ಲಿ ಅವಳ ರೂಪವು ಅಚ್ಚೊತ್ತಿ ನಿಲ್ಲುತ್ತದೆ. ಪ್ರಿಯೆಯು ಎದೆಯಲ್ಲಿ ನೆಲೆಸಿದ್ದಾಳೆ ಎಂದು ಹೇಳದ ಪ್ರೇಮಕಾವ್ಯವು ಜಗತ್ತಿನಲ್ಲಿ ಎಲ್ಲಿಯೂ ಇರಲಾರದು. ಹೇಳಿ ಹೇಳಿ ಸವೆದುಹೋದ ಮಾತು ಅದು. ಆದರೆ ವಿಜಾಪುರದ ಚಿತ್ರಕಾರನು ಆ ಸವೆದ ಮಾತನ್ನು ಅಕ್ಷರಶಃ ಗ್ರಹಿಸಿ, ರಾಜಕುಮಾರನ ಎದೆಯ ಮೇಲೆ ಅವಳ ಪುಟ್ಟ ಭಾವಚಿತ್ರವೊಂದನ್ನು ನಿಜವಾಗಿಯೇ ಬರೆದುಬಿಟ್ಟನು. ಆ ಬಳಿಕ ಅವನು ಎಲ್ಲಿ ನಿಂತರೂ, ಯಾರ ಮುಂದೆ ಕುಳಿತರೂ, ಆ ಮುಖವು ಅವನ ಎದೆಯಿಂದ ನಮ್ಮನ್ನು ನೋಡುತ್ತಿರುತ್ತದೆ.

ಇದರ ಫಲವೇನಾಯಿತೆಂಬುದನ್ನು ಸ್ವಲ್ಪ ನಿಧಾನವಾಗಿ ವಿಚಾರಿಸಬೇಕು. ಕಥೆಯ ನಡುವೆ ಶಾಹಜೀಯು ಮಾಹಜೀಯನ್ನು ಪ್ರತ್ಯಕ್ಷವಾಗಿ ಕಾಣುತ್ತಾನೆ. ಕಂಡು, ಎದೆಯೊಳಗಿನ ರೂಪವೇ ಸತ್ಯ, ಎದುರಿಗಿರುವವಳು ಅದರ ನೆರಳು ಮಾತ್ರ ಎಂದು ಭ್ರಮಿಸಿ, ಅವಳನ್ನು ತಿರಸ್ಕರಿಸಿ ಹೊರಟುಹೋಗುತ್ತಾನೆ. ವಿರಹದಲ್ಲಿ ಬೇಯುವ ಪಾಳಿ ಅವಳದು. ಅವನಿಗೆ ಅರಿವು ಮೂಡಿ ಇಬ್ಬರೂ ಕೂಡುವುದು ಬಹುಕಾಲದ ಮೇಲೆ. ಈ ಪ್ರಸಂಗವನ್ನು ಪದ್ಯದಲ್ಲಿ ಮಾತ್ರ ಕೇಳಿದವನಿಗೆ ರಾಜಕುಮಾರನ ವರ್ತನೆಯು ಹುಚ್ಚಾಟವೆಂದೇ ತೋರಬಹುದು. ಚಿತ್ರವನ್ನು ನೋಡುತ್ತ ಓದಿದವನ ಸ್ಥಿತಿಯೇ ಬೇರೆ; ಎದುರಿಗೆ ನಿಂತ ಹೆಣ್ಣನ್ನೂ ಎದೆಯ ಮೇಲಿನ ಹೆಣ್ಣನ್ನೂ ಅವನು ಏಕಕಾಲಕ್ಕೆ ಕಾಣುತ್ತಿರುವುದರಿಂದ, ಇವುಗಳಲ್ಲಿ ಬಿಂಬವಾವುದು, ಪ್ರತಿಬಿಂಬವಾವುದು ಎಂಬ ರಾಜಕುಮಾರನ ಸಂಶಯವು ಓದುಗನ ಕಣ್ಣಿಗೂ ಅಂಟಿಕೊಳ್ಳುತ್ತದೆ. ಪದ್ಯವು ಹೇಳಲಾರದ್ದನ್ನು ಚಿತ್ರ ಹೇಳಿತು. ಚಿತ್ರಕ್ಕೆ ಆಗದ ತತ್ತ್ವಜಿಜ್ಞಾಸೆಯನ್ನು ಪದ್ಯವು ವಹಿಸಿಕೊಂಡಿತು. ಇಂದಿನ ಗ್ರಾಫಿಕ್ ಕಾದಂಬರಿಯ ಉತ್ತಮ ಮಾದರಿಗಳು ಮಾಡಲೆಳಸುವುದು ಇದನ್ನೇ ಹೊರತು ಇದಕ್ಕಿಂತ ಬೇರೆಯದನ್ನಲ್ಲ. ಓದಲು ತಕ್ಕ ಚಿತ್ರಕಾದಂಬರಿ ಯಾವುದು, ತಕ್ಕದ್ದಲ್ಲದ್ದು ಯಾವುದು ಎಂದು ಕೇಳುವವರಿಗೆ ನಾನು ಹೇಳುವ ಪರೀಕ್ಷೆಯೂ ಇದೊಂದೇ: ಚಿತ್ರವನ್ನು ತೆಗೆದರೆ ಕಥೆ ಕುಂಟುವುದೇ ಎಂದು ನೋಡಿರಿ.

ಇಬ್ರಾಹಿಮನ ಕಾಲ ಕಳೆದ ಮೇಲೆಯೂ ಈ ಊರಿನಲ್ಲಿ ಪ್ರೇಮಾಖ್ಯಾನಗಳು ಹುಟ್ಟುವುದು ನಿಲ್ಲಲಿಲ್ಲ. ಎರಡನೆಯ ಅಲಿ ಆದಿಲಶಾಹನ ಆಸ್ಥಾನಕವಿ ನುಸ್ರತಿಯು ಮನೋಹರ–ಮಧುಮಾಲತಿಯರ ಕಥೆಯನ್ನು ‘ಗುಲ್ಶನ್-ಎ-ಇಶ್ಕ್’ ಎಂಬ ಹೆಸರಿನಿಂದ ದಖನಿಯಲ್ಲಿ ಬರೆದನು. ಅದರ 1743ರ ಪ್ರತಿಯೊಂದು, ನೂರರ ಸಮೀಪದಷ್ಟು ಚಿತ್ರಗಳೊಡನೆ, ಅಮೇರಿಕದ ಫಿಲಡೆಲ್ಫಿಯಾ ನಗರದ ಕಲಾಸಂಗ್ರಹಾಲಯದಲ್ಲಿದೆ. ನಮ್ಮ ನೆಲದ ಚಿತ್ರಕಥೆಗಳನ್ನು ನೋಡಲು ನಾವು ಸಾಗರ ದಾಟಬೇಕಾದ ಪರಿಸ್ಥಿತಿಯನ್ನು ಕುರಿತು ಇಲ್ಲಿ ವಿಲಪಿಸುವುದು ಅಪ್ರಸ್ತುತ. ಅರಮನೆಯ ಸಂಗತಿ ಹೀಗಾದರೆ ಹಳ್ಳಿಗಳಲ್ಲಿ ಕಿಳ್ಳೇಕ್ಯಾತರು ತೊಗಲುಗೊಂಬೆಗಳನ್ನು ದೀಪದ ಮುಂದೆ ಹಿಡಿದು ರಾತ್ರಿಯಿಡೀ ರಾಮಾಯಣವನ್ನು ಕಾಣಿಸುತ್ತಿದ್ದರು. ಅಲ್ಲಿ ಕುಳಿತು ನೋಡಿದವರು ಮಕ್ಕಳಷ್ಟೇ ಅಲ್ಲ, ಊರಿಗೆ ಊರೇ ಆಗಿತ್ತು.

ಕಾದಂಬರಿಯು ಈ ಸೀಮೆಗೆ ಬಂದದ್ದು ಬೇರೆ ದಾರಿಯಿಂದ. ಮುಂಬಯಿ ಇಲಾಖೆಯಲ್ಲಿ ಕನ್ನಡ ಓದುಗರೆಂದರೆ ಬೆರಳೆಣಿಕೆಯಷ್ಟು ಎಂಬಂಥ ಕಾಲದಲ್ಲಿ, ವೆಂಕಟೇಶ ತಿರಕೋ ಕುಲಕರ್ಣಿ ಗಳಗನಾಥರು ಹರಿನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದರು, ವಿಜಯನಗರದ ಸ್ಥಾಪನೆಯನ್ನು ವಸ್ತುವಾಗಿಟ್ಟುಕೊಂಡು ‘ಮಾಧವ ಕರುಣಾ ವಿಲಾಸ’ವನ್ನು ಸ್ವತಂತ್ರವಾಗಿ ರಚಿಸಿದರು, ಅಷ್ಟಕ್ಕೇ ತೃಪ್ತರಾಗದೆ, ಅಚ್ಚಾದ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಗ್ರಂಥಕರ್ತನೇ ಹಮಾಲನೂ ಆದ ಇಂಥ ದೃಷ್ಟಾಂತವು ಇತರ ಸಾಹಿತ್ಯಗಳಲ್ಲಿ ಎಷ್ಟಿದ್ದೀತು? ಇಂದು ಗಳಗನಾಥರನ್ನು ಓದುವುದು ಸುಲಭವಲ್ಲ. ಅವರ ಉಪದೇಶಪರತೆಯು ಈ ಕಾಲದ ತರುಣರಿಗೆ ಭಾರವಾದೀತು. ಆದರೆ ಅವರ ವಾಕ್ಯಗಳ ಓಟವನ್ನು ಒಮ್ಮೆಯಾದರೂ ಸವಿಯದವನಿಗೆ ಉತ್ತರ ಕರ್ನಾಟಕದ ಗದ್ಯದ ಬೇರು ಸಿಕ್ಕುವುದಿಲ್ಲ.

ಸಾರವಾಡದಿಂದ ಬಬಲೇಶ್ವರವನ್ನು ದಾಟಿ ಕೃಷ್ಣೆಯ ಕಡೆಗೆ ಇಳಿದರೆ ಜಮಖಂಡಿಯ ಸೀಮೆ. ಅಲ್ಲಿಯ ಹಿರೇಪಡಸಲಗಿಯಲ್ಲಿ 1910ರಲ್ಲಿ ಜನಿಸಿ, ರಾವಬಹಾದ್ದೂರ ಎಂಬ ಹೆಸರಿನಿಂದ ಬರೆದ ಆರ್. ಬಿ. ಕುಲಕರ್ಣಿಯವರ ‘ಗ್ರಾಮಾಯಣ’ವು 1957ರಲ್ಲಿ ಪ್ರಕಟವಾಯಿತು. ಈ ಸೀಮೆಯವನು ಒಂದೇ ಒಂದು ಕಾದಂಬರಿಯನ್ನು ಓದುವುದಾದರೆ ಅದು ಇದಾಗಿರಬೇಕೆಂದು ಹೇಳಲು ನನಗೆ ಸಂಕೋಚವಿಲ್ಲ. ಇಲ್ಲಿ ನಾಯಕನಿಲ್ಲ, ಇದ್ದರೆ ಪಾದಳ್ಳಿಯೆಂಬ ಊರೇ ನಾಯಕ. ಗೌಡಕಿ, ಕುಲಕರ್ಣಿಕೆ, ದೇಸಗತಿ, ಮಠ, ಹೊಲದ ಬದು, ಹಗೆತನ, ಚಾಡಿ, ಕೋರ್ಟು, ಇವೆಲ್ಲವುಗಳ ಜಗ್ಗಾಟದಲ್ಲಿ ಒಂದು ಊರು ಯಾವ ಒಬ್ಬ ದುಷ್ಟನ ದೆಸೆಯಿಂದಲೂ ಅಲ್ಲದೆ, ಎಲ್ಲರ ಸಣ್ಣ ಸಣ್ಣ ಸ್ವಾರ್ಥಗಳ ಒಟ್ಟುಗೂಡಿದ ಭಾರದಿಂದ ಕುಸಿಯುತ್ತ ಹೋಗುವ ರೀತಿಯನ್ನು ಕಾದಂಬರಿಕಾರರು ಯಾವ ಆತುರವೂ ಇಲ್ಲದೆ ನಿರೂಪಿಸುತ್ತಾರೆ. ಪಾತ್ರಗಳು ಜಾತ್ರೆಯ ಜನದಂತೆ ಬರುತ್ತಲೇ ಇರುತ್ತವೆ. ಯಾರು ಯಾರ ಪೈಕಿ, ಯಾರಿಗೆ ಯಾರ ಮೇಲೆ ಸಿಟ್ಟು ಎಂಬುದನ್ನು ನೆನಪಿಡಲು ಓದುಗನು ಮೊದಮೊದಲು ತಿಣುಕಬೇಕಾಗುತ್ತದೆ. ಹಳ್ಳಿಯಲ್ಲಿ ಹುಟ್ಟಿದವನಿಗೆ ಈ ತಿಣುಕಾಟವು ಹೊಸದಲ್ಲ. ಪಟ್ಟಣದ ವಿಮರ್ಶಕರಲ್ಲಿ ಕೆಲವರು ಇದನ್ನು ರಚನೆಯ ಸಡಿಲತನವೆಂದು ಎಣಿಸುವುದುಂಟು. ಹಳ್ಳಿಯ ರಚನೆಯೇ ಹಾಗಿದ್ದರೆ ಕಾದಂಬರಿಕಾರನು ಮಾಡುವುದೇನು?

ಇದರ ಜತೆಯಲ್ಲಿ ಓದತಕ್ಕದ್ದು ರಾಘವೇಂದ್ರ ಪಾಟೀಲರ ‘ತೇರು’. 2003ರಲ್ಲಿ ಬಂದು, 2005ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಈ ಕಿರುಗಾತ್ರದ ಕೃತಿಯು ಒಂದು ರಥವನ್ನೂ ಅದರ ಗಾಲಿಗೆ ಸಂದ ಬಲಿಯನ್ನೂ ಕೇಂದ್ರದಲ್ಲಿಟ್ಟುಕೊಂಡು, ಆ ಬಲಿಯ ಋಣವು ತಲೆಮಾರುಗಳನ್ನು ಹೇಗೆ ಬೆನ್ನಟ್ಟುತ್ತದೆಂಬುದನ್ನು ಹೇಳುತ್ತದೆ. ಗೊಂದಲಿಗರ ಹಾಡುಗಾರಿಕೆಯ ಧಾಟಿಯನ್ನು ಪಾಟೀಲರು ಗದ್ಯದೊಳಗೆ ಹೆಣೆದಿರುವುದರಿಂದ ಪುಟವನ್ನು ಓದುವಾಗ ಕಿವಿಯೂ ಕೆಲಸ ಮಾಡುತ್ತಿರುತ್ತದೆ. ಮಿರ್ಜಿ ಅಣ್ಣಾರಾಯರ ‘ನಿಸರ್ಗ’, ಶಂಕರ ಮೊಕಾಶಿ ಪುಣೇಕರರ ‘ಗಂಗವ್ವ ಗಂಗಾಮಾಯಿ’, ಚಂದ್ರಶೇಖರ ಕಂಬಾರರ ‘ಸಿಂಗಾರೆವ್ವ ಮತ್ತು ಅರಮನೆ’ ಇವುಗಳ ಹೆಸರನ್ನು ಓದುಗರು ಬಲ್ಲರು. ಇವುಗಳನ್ನು ಕುರಿತು ಇಲ್ಲಿ ವಿಸ್ತರಿಸಲಾರೆ. ಸಮಕಾಲೀನರಲ್ಲಿ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಬೆಂಗಳೂರಿನ ಕಥೆಯಾದರೂ, ಏಕಾಏಕಿ ಕೈಗೆ ಬಂದ ಹಣವು ಒಂದು ಕೂಡುಕುಟುಂಬದ ನಡೆನುಡಿಗಳನ್ನು ತಿದ್ದಿಬಿಡುವ ಬಗೆಯನ್ನು ಹೇಳುವುದರಿಂದ, ತಿಕೋಟಾ–ಬಬಲೇಶ್ವರ ಭಾಗದಲ್ಲಿ ದ್ರಾಕ್ಷಿಯ ತೋಟಗಳೂ ನೀರಾವರಿಯೂ ತಂದಿತ್ತ ಅನುಕೂಲಗಳನ್ನು ಕಂಡ ಮನೆಗಳವರಿಗೆ ಅದು ಪರಕೀಯವಾಗಿ ತೋರದು. ಬಾನು ಮುಷ್ತಾಕರ ಕಥೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ 2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಪಡೆದ ಸುದ್ದಿಯನ್ನು ಎಲ್ಲರೂ ಕೇಳಿದರು. ಕಥೆಗಳನ್ನು ಕನ್ನಡದಲ್ಲಿ ಓದಿದವರ ಸಂಖ್ಯೆಯು ಅಭಿನಂದನೆಯ ಫಲಕಗಳ ಸಂಖ್ಯೆಯನ್ನು ಮೀರಿತೋ ಇಲ್ಲವೋ ಎಂಬ ಸಂದೇಹವು ನನ್ನನ್ನು ಬಿಟ್ಟಿಲ್ಲ.

ಹೀಗೆ ಅಕ್ಷರದ ಕಾದಂಬರಿಯು ಬೆಳೆಯುತ್ತಿರುವಾಗ ಚಿತ್ರದ ಕಥೆಯು ಮಕ್ಕಳ ಪಾಲಿಗೆ ಸರಿದುಹೋಯಿತು. 1947ರಲ್ಲಿ ತೆಲುಗು, ತಮಿಳುಗಳಲ್ಲಿ ಆರಂಭವಾದ ‘ಚಂದಮಾಮ’ವು ಎರಡು ವರ್ಷಗಳ ತರುವಾಯ ಕನ್ನಡಕ್ಕೂ ಬಂದಿತು, ಎಂ. ಟಿ. ವಿ. ಆಚಾರ್ಯರು ಬರೆದ ಮಹಾಭಾರತದ ಮುಖಪುಟ ಚಿತ್ರಗಳನ್ನು ಕತ್ತರಿಸಿ ಗೋಡೆಗೆ ಅಂಟಿಸಿದ ಮನೆಗಳು ಒಂದು ಕಾಲಕ್ಕೆ ಎಷ್ಟೋ ಇದ್ದುವು. ಅನಂತರದ್ದು ‘ಅಮರ ಚಿತ್ರ ಕಥಾ’. ಇದರ ಇತಿಹಾಸದಲ್ಲಿ ಕನ್ನಡಿಗರು ತಿಳಿಯತಕ್ಕ ಒಂದು ಸಂಗತಿಯುಂಟು. ಕಾರ್ಕಳದವರಾದ ಅನಂತ ಪೈಯವರ ಹೆಸರಿನೊಡನೆ ಪ್ರಸಿದ್ಧವಾದ ಈ ಮಾಲೆಯ ಮೊದಲ ಪುಸ್ತಕಗಳು ಬಂದದ್ದು ಇಂಗ್ಲಿಷಿನಲ್ಲಲ್ಲ. 1965ರಲ್ಲಿ ಇಂಡಿಯಾ ಬುಕ್ ಹೌಸಿನ ಬೆಂಗಳೂರು ಶಾಖೆಯ ಜಿ. ಕೆ. ಅನಂತರಾಮರ ಪ್ರಯತ್ನದಿಂದ, ಪಾಶ್ಚಾತ್ಯ ಮಕ್ಕಳ ಕಥೆಗಳ ರೂಪದಲ್ಲಿ, ಕನ್ನಡದಲ್ಲಿ. ಆ ಹತ್ತು ಕನ್ನಡ ಸಂಚಿಕೆಗಳನ್ನು ಎಣಿಕೆಗೆ ಹಿಡಿದುದರಿಂದಲೇ ಇಂಗ್ಲಿಷಿನ ಮೊದಲ ಪುಸ್ತಕವಾದ ‘ಕೃಷ್ಣ’ನಿಗೆ ಹನ್ನೊಂದನೆಯ ಸಂಖ್ಯೆ ಬಂದಿತು.

ಆ ಮಾಲೆಯ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ವಿಜಾಪುರದಲ್ಲಿ ಬಾವಡಿಯ ಹೆಸರಿನಿಂದ ಮಾತ್ರ ಉಳಿದಿದ್ದ ಚಾಂದಬೀಬಿಯ ಮುಖವನ್ನು ಭಾರತದ ಬಾಲಕರು ಕಂಡದ್ದು ಅದರಲ್ಲಿಯೇ. ಹಾಗಿದ್ದೂ ಮೇಲೆ ಹೇಳಿದ ಪರೀಕ್ಷೆಯಲ್ಲಿ ಅದು ತೇರ್ಗಡೆಯಾಗದು. ರಾಣಿಯು ಕುದುರೆಯನ್ನೇರಿ ಹೋಗುವ ಚಿತ್ರದ ನೆತ್ತಿಯ ಮೇಲೆ, ರಾಣಿಯು ಕುದುರೆಯನ್ನೇರಿ ಹೊರಟಳೆಂಬ ವಾಕ್ಯವಿದ್ದರೆ, ಒಂದು ಇನ್ನೊಂದರ ಚಾಕರಿಯನ್ನು ಮಾಡುತ್ತಿದೆಯೆಂದು ತಿಳಿಯಬೇಕು. ಚಿತ್ರವನ್ನು ತೆಗೆದರೂ ಅಲ್ಲಿ ಕಥೆಗೆ ಬಾಧೆಯಿಲ್ಲ.

ಬಾಧೆ ತಟ್ಟುವ ಪುಸ್ತಕಗಳಾವುವೆಂದರೆ, ಮೊದಲಿಗೆ ‘ಭೀಮಾಯಣ’. 2011ರಲ್ಲಿ ಪ್ರಕಟವಾದ, ಡಾ. ಅಂಬೇಡ್ಕರರ ಬಾಳಿನ ಅವಮಾನದ ಪ್ರಸಂಗಗಳನ್ನು ನೀರು, ಆಶ್ರಯ, ಪ್ರಯಾಣ ಎಂಬ ಮೂರು ಭಾಗಗಳಲ್ಲಿ ಹೇಳುವ ಈ ಕೃತಿಯ ಚಿತ್ರಗಳನ್ನು ಬರೆದವರು ಮಧ್ಯಪ್ರದೇಶದ ಪರಧಾನ ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ ವ್ಯಾಮ್ ದಂಪತಿಗಳು. ಬರಹ ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್ ಅವರದು. ಪುಟವನ್ನು ಚೌಕಗಳಾಗಿ ಕತ್ತರಿಸುವ ಪಾಶ್ಚಾತ್ಯ ಪದ್ಧತಿಯನ್ನು ಈ ದಂಪತಿಗಳು ಒಪ್ಪಲಿಲ್ಲ. ಜನರನ್ನು ಪೆಟ್ಟಿಗೆಯೊಳಗೆ ಕೂಡಿಹಾಕುವ ಬದಲಾಗಿ, ತಮ್ಮ ಮನೆಯ ಗೋಡೆ–ಅಂಗಳಗಳಲ್ಲಿ ಬರೆಯುವ ದಿಗ್ನಾ ವಿನ್ಯಾಸವನ್ನೇ ಬಳಸಿ ಪುಟವನ್ನು ಸಡಿಲವಾಗಿ ವಿಭಾಗಿಸಿದರು. ಮೃದುವಾಗಿ ಮಾತನಾಡುವವರ ನುಡಿಗೆ ಹಕ್ಕಿಯ ಆಕಾರ. ಜಾತಿಯ ವಿಷವನ್ನು ಕಕ್ಕುವವರ ನುಡಿಗೆ ಚೇಳಿನ ಬಾಲ. ನೀರು ಕೇಳಿದ ಹುಡುಗನಿಗೆ ಸಿಕ್ಕ ಉತ್ತರದ ಕೊನೆಯಲ್ಲಿ ಆ ಕೊಂಡಿಯನ್ನು ಕಂಡಾಗ, ಆ ಮಾತನ್ನು ಆಡಿದವನ ಮುಖಭಾವವನ್ನು ವರ್ಣಿಸುವ ಎರಡು ಪುಟದ ಗದ್ಯವು ಅನಾವಶ್ಯಕವೆಂದು ಯಾರಿಗಾದರೂ ಹೊಳೆಯುವುದು. ನೀರಿಗಾಗಿ ಕೊಡ ಹಿಡಿದು ನಿಂತು ಬೆಳೆದ ಈ ಜಿಲ್ಲೆಯ ಓದುಗನಿಗೆ ಆ ಮೊದಲ ಭಾಗವು ಎಲ್ಲಿ ಮುಟ್ಟಬೇಕೋ ಅಲ್ಲಿಯೇ ಮುಟ್ಟುತ್ತದೆ.

ಎರಡನೆಯದು ಒರಿಜಿತ್ ಸೇನರ ‘ರಿವರ್ ಆಫ್ ಸ್ಟೋರೀಸ್’. 1994ರಲ್ಲಿ ಬಂದ ಇದನ್ನು ಭಾರತದ ಮೊದಲ ಗ್ರಾಫಿಕ್ ಕಾದಂಬರಿಯೆಂದು ಬಹುಜನರು ಎಣಿಸುತ್ತಾರೆ. ನರ್ಮದೆಗೆ ಅಣೆಕಟ್ಟು ಬರುವಾಗ ಅಲ್ಲಿಯ ಆದಿವಾಸಿಗಳ ಸೃಷ್ಟಿಪುರಾಣವೂ ನೆಲ ಬಿಡಬೇಕಾದವರ ಹೋರಾಟವೂ ಒಂದರೊಳಗೊಂದು ಬೆರೆಯುವ ಕಥೆ ಅದು. ಕೃಷ್ಣೆಯ ತೀರದವರಿಗೆ ಇದನ್ನು ವಿವರಿಸಿ ಹೇಳುವ ಅಗತ್ಯವಿಲ್ಲ. 1964ರಲ್ಲಿ ಲಾಲಬಹಾದ್ದೂರ ಶಾಸ್ತ್ರಿಗಳು ಅಡಿಗಲ್ಲಿಟ್ಟ ಆಲಮಟ್ಟಿಯ ಜಲಾಶಯವು 519.60 ಮೀಟರಿನ ವರೆಗೆ ನೀರು ನಿಲ್ಲಿಸಿದಾಗ ಹಳೆಯ ಬಾಗಲಕೋಟೆಯ ಓಣಿಗಳೂ ಅನೇಕ ಹಳ್ಳಿಗಳ ಗುಡಿ, ಹೊಲ, ಗೋರಿಗಳೂ ಮುಳುಗಿದುವು, 524.256 ಮೀಟರಿಗೆ ಏರಿಸುವ ಚರ್ಚೆ ಇನ್ನೂ ನಡೆದಿದೆ. ಶರಾವತಿಯ ಮುಳುಗಡೆಗೆ ನಾ. ಡಿಸೋಜರು ‘ಮುಳುಗಡೆ’, ‘ದ್ವೀಪ’ಗಳ ಮೂಲಕ ಸಾಕ್ಷಿ ನುಡಿದರು. ಕೃಷ್ಣೆಯ ಮುಳುಗಡೆಗೆ ಆ ತೂಕದ ಕಾದಂಬರಿಯೊಂದು ಸಲ್ಲಬೇಕಾಗಿದೆ. ಅದು ಚಿತ್ರಕಾದಂಬರಿಯಾಗುವುದೇ ಹೆಚ್ಚು ಉಚಿತವೆಂದು ನನಗೆ ತೋರುತ್ತದೆ. ಇಲ್ಲದಾಗಿ ಹೋದ ಊರನ್ನು ಗದ್ಯವು ನೆನೆಯಬಲ್ಲುದು. ಚಿತ್ರವಾದರೋ ಅದೇ ಪುಟದಲ್ಲಿ ನೀರಿನ ಮೇಲೆ ದೋಣಿಯನ್ನೂ ನೀರಿನ ಕೆಳಗೆ ಅಗಸೆಯ ಬಾಗಿಲನ್ನೂ ಒಟ್ಟಿಗೆ ತೋರಿಸಬಲ್ಲುದು. ಶಾಹಜೀಯ ಎದೆಯ ಮೇಲೆ ಮಾಹಜೀಯನ್ನು ಬರೆದವನು ಬಳಸಿದ ಯುಕ್ತಿಯೇ ಅಲ್ಲವೆ ಇದು?

ಇಂಥ ವಸ್ತುವಿಗೆ ಕೈಹಾಕಬಯಸುವವರು ಮೊದಲು ವಿಜಾಪುರದ ಸಾಠ್ ಕಬರ್ ಎಂಬ ಗೋರಿಗಳ ಕಡೆಗೆ ಓಡಿಯಾರೆಂಬ ಭಯವೂ ನನಗಿದೆ. ಶಿವಾಜಿಯ ಮೇಲೆ ದಂಡೆತ್ತಿ ಹೊರಡುವ ಮುನ್ನ ಅಫಜಲಖಾನನು ತನ್ನ ಹೆಂಡಂದಿರನ್ನೆಲ್ಲ ಕೊಂದನೆಂಬ ಐತಿಹ್ಯವು ರಕ್ತವರ್ಣದ ಪುಟಗಳಿಗೆ ಹೇಳಿ ಮಾಡಿಸಿದಂತಿದೆ. ಆದರೆ ಆ ಗೋರಿಗಳ ಸಾಲನ್ನು ನೋಡಿದವರಿಗೆ ಗೊತ್ತು, ಅಲ್ಲಿ ಹೇಳಬೇಕಾದದ್ದು ಖಾನನ ಕಥೆಯನ್ನಲ್ಲ. ಹೆಸರಿಲ್ಲದೆ ಸಾಲಾಗಿ ಮಲಗಿದವರ ಕಥೆಯನ್ನು. ಅದಕ್ಕೆ ಬೇಕಾಗುವ ಸಂಯಮವು ಚೊಚ್ಚಲ ಕೃತಿಗೆ ದಕ್ಕುವುದು ದುರ್ಲಭ.

ಹೊರನಾಡಿನವುಗಳಲ್ಲಿ ಎರಡನ್ನು ಹೆಸರಿಸಿದರೆ ಸಾಕು. ಆರ್ಟ್ ಸ್ಪೀಗಲ್ಮನ್ನನ ‘ಮೌಸ್’ ಎಂಬುದು ಹಿಟ್ಲರನ ಯಾತನಾಶಿಬಿರದಿಂದ ಬದುಕಿ ಬಂದ ತನ್ನ ತಂದೆಯ ಕಥೆ. ಅದರಲ್ಲಿ ಯಹೂದಿಗಳು ಇಲಿಗಳು, ಜರ್ಮನರು ಬೆಕ್ಕುಗಳು. ಪಂಚತಂತ್ರವನ್ನು ಕೇಳಿ ಬೆಳೆದ ನಮಗೆ ಈ ಉಪಾಯವು ವಿಚಿತ್ರವೆನಿಸದು. ವಿಚಿತ್ರವೆನಿಸುವುದೆಂದರೆ, ಜಿಪುಣನೂ ಸಿಡುಕನೂ ಆದ ಮುದಿ ತಂದೆಯನ್ನು ಮಗನು ಹುತಾತ್ಮನ ಪೀಠದ ಮೇಲೆ ಕೂರಿಸದೆ ಇದ್ದಹಾಗೆಯೇ ಬರೆದುದು. 1992ರಲ್ಲಿ ಅದಕ್ಕೆ ವಿಶೇಷ ಪುಲಿಟ್ಜರ್ ಪ್ರಶಸ್ತಿ ದೊರೆಯಿತು. ಇನ್ನೊಂದು, ಇರಾನಿನ 1979ರ ಕ್ರಾಂತಿಯನ್ನು ಬಾಲಕಿಯ ಕಣ್ಣಿನಿಂದ ಕಂಡ ಮರ್ಜಾನ್ ಸತ್ರಪಿಯ ‘ಪರ್ಸೆಪೊಲಿಸ್’. ಇದನ್ನು ಪ್ರೀತಿ ನಾಗರಾಜರು ಕನ್ನಡಕ್ಕೆ ತಂದಿರುವುದರಿಂದ ಇಂಗ್ಲಿಷ್ ಬಾರದವರಿಗೂ ತೊಡಕಿಲ್ಲ. ಹೈಸ್ಕೂಲಿನ ಹುಡುಗಿಯರಿಗೆ ಓದಲು ಕೊಡುವುದಾದರೆ ನಾನು ಇದನ್ನೇ ಮೊದಲು ಕೊಟ್ಟೇನು. ಗ್ರಾಮ ಪಂಚಾಯತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳೆಂಬ ಹೆಸರನ್ನು ಪಡೆದಿವೆ. ಸ್ಪರ್ಧಾತ್ಮಕ ಪರೀಕ್ಷೆಯ ಕೈಪಿಡಿಗಳಿಗೆ ಅಲ್ಲಿ ಇರುವ ಆದರವನ್ನು ನಾನು ತಪ್ಪೆನ್ನುವುದಿಲ್ಲ, ಆದರೆ ಅವುಗಳ ಪಕ್ಕದ ಕಪಾಟಿನಲ್ಲಿ ‘ಗ್ರಾಮಾಯಣ’ಕ್ಕೂ ‘ಪರ್ಸೆಪೊಲಿಸ್’ಗೂ ಎರಡಂಗುಲ ಸ್ಥಳ ದೊರೆಯಬಾರದೆ?

ಕನ್ನಡದಲ್ಲಿ ಸ್ವಂತದ ಚಿತ್ರಕಾದಂಬರಿಗಳು ಏಕೆ ವಿರಳ ಎಂದು ಕೇಳಿದರೆ ಪ್ರಕಾಶಕರು ಕೊಡುವ ಉತ್ತರವು ಬಣ್ಣದ ಮುದ್ರಣದ ವೆಚ್ಚ. ಈ ಉತ್ತರವು ಸಮರ್ಪಕವಲ್ಲ. ‘ಮೌಸ್’ ಆಗಲಿ ‘ಪರ್ಸೆಪೊಲಿಸ್’ ಆಗಲಿ ಒಳಪುಟಗಳಲ್ಲಿ ಅಚ್ಚಾಗಿರುವುದು ಬರಿಯ ಕಪ್ಪು ಮಸಿಯಲ್ಲಿ. ಸಾಮಾನ್ಯ ಕಾದಂಬರಿಯನ್ನು ಅಚ್ಚುಮಾಡುವ ಯಂತ್ರದಲ್ಲಿಯೇ ಅವನ್ನೂ ಅಚ್ಚುಮಾಡಬಹುದು. ನಿಜವಾದ ವೆಚ್ಚವು ಮಸಿಯದಲ್ಲ, ಕಾಲದ್ದು. ಸ್ಪೀಗಲ್ಮನ್ನನು ‘ಮೌಸ್’ಗೆ ಹದಿಮೂರು ವರ್ಷಗಳನ್ನು ಸವೆಸಿದನು. ಇಬ್ರಾಹಿಮನ ಚಿತ್ರಕಾರರಿಗೆ ಅನ್ನ, ಮಸಿ, ಕಾಗದಗಳು ಆಸ್ಥಾನದಿಂದ ಬರುತ್ತಿದ್ದುವು; ಇಂದಿನ ವಿಜಯಪುರದ ಕಲಾವಿದನು ಶಾಲೆಯ ಗೋಡೆಗೆ ಬಣ್ಣ ಬಳಿದು, ಬ್ಯಾನರು ಬರೆದು, ಉಳಿದ ರಾತ್ರಿಯಲ್ಲಿ ಈ ಕೆಲಸಕ್ಕೆ ಕೂರಬೇಕು. ಅಕಾಡೆಮಿಗಳು ಅಚ್ಚಾದ ಪುಸ್ತಕಕ್ಕೆ ಕೊಡುವ ಬಹುಮಾನದ ಒಂದು ಪಾಲನ್ನಾದರೂ, ಇನ್ನೂ ಅಚ್ಚಾಗದ ಚಿತ್ರಕಾದಂಬರಿಯ ಕರಡಿಗೆ, ಎರಡು ಮೂರು ವರ್ಷಗಳ ಜೀವನವೇತನದ ರೂಪದಲ್ಲಿ, ಬರೆಯುವವನಿಗೂ ಚಿತ್ರಿಸುವವನಿಗೂ ಸಮನಾಗಿ ಹಂಚಿ ಕೊಡುವುದು ಅಸಾಧ್ಯವಾದ ಕಾರ್ಯವೇನೂ ಅಲ್ಲ.